ಬಿದ್ದರೂ ಸದ್ದಾಗದ ಪಾತ್ರೆಗಳು

ಮಯೂರ್ ವಿಹಾರ್, ದೆಹಲಿ
10 ನವೆಂಬರ್ 2024, ಭಾನುವಾರ

ಚಿ. ಸೌ. ಧಾರಿಣಿಗೆ,

ಆಶೀರ್ವಾದಕ್ಕೆ ಮುನ್ನ ಒಂದು ತಿದ್ದುಪಡಿ. ನಾಲ್ಕನೆಯ ತಾರೀಖಿನ ನಿನ್ನ ಪತ್ರದಲ್ಲಿ, ಮದುವೆಯಲ್ಲಿ ನಿನ್ನ ತಾಯಿ ಕೊಟ್ಟ ಉಕ್ಕಿನ ಇಡ್ಲಿ ಸ್ಟ್ಯಾಂಡು "ಅಟ್ಟದಿಂದ ಬಿದ್ದು ಬಾಗಿಹೋಯಿತು" ಎಂದು ಬರೆದಿದ್ದೀಯೆ. ಅದು ಹಾಗಾಗಿರಲು ಸಾಧ್ಯವಿಲ್ಲ. ಅದೇ ಅಂಗಡಿಯಲ್ಲಿ, ಅದೇ ದಿನ, ಅದೇ ತೂಕದ ಇನ್ನೊಂದನ್ನು ನಮ್ಮ ಮನೆಗೂ ಕೊಂಡಿದ್ದೆವು. ನಿನ್ನೆ ಬೆಳಿಗ್ಗೆ ಅದನ್ನು ನಮ್ಮ ಅಡುಗೆಮನೆಯ ಅಟ್ಟದಿಂದ ಮೂರು ಬಾರಿ ಕೆಡವಿ ನೋಡಿದೆ. ನಡುವಿನ ಕಂಬಿ ನೆಟ್ಟಗೇ ಇದೆ. ಒಂದು ತಟ್ಟೆಯ ಅಂಚೂ ಮುಕ್ಕಾಗಲಿಲ್ಲ. ಮೂರನೆಯ ಬಾರಿಗೆ ಕೆಳಮನೆಯವರು ಮೆಟ್ಟಿಲೇರಿ ಬಂದು, "ಮಾಸ್ಟರ್‌ಜೀ, ಛತ್ ತೋಡ್ನೇ ಕಾ ಇರಾದಾ ಹೈ ಕ್ಯಾ?", ಸೂರು ಒಡೆಯುವ ಉದ್ದೇಶವಿದೆಯೇ, ಎಂದು ಕೇಳಿದರು. ನಿನ್ನ ತಾಯಿ, "ಅವಳದ್ದು ಬಾಗಿದ್ರೆ ನಮ್ಮದನ್ನೂ ಬಗ್ಗಿಸಿಯೇ ತೀರಬೇಕೇನ್ರೀ?" ಎಂದು ಸ್ಟ್ಯಾಂಡನ್ನು ನನ್ನ ಕೈಯಿಂದ ಕಸಿದುಕೊಂಡಳು.

ಆದ್ದರಿಂದ ನೀನು ಹೇಳಿದ ಕಾರಣ ಪರಿಣಾಮಕ್ಕೆ ಸಾಲದು. ಸರಿಯಾದ ಕಾರಣವನ್ನು ಬರೆ.

ಸ್ಟ್ಯಾಂಡಿನ ಬದಲಿಗೆ ಸಿಲಿಕೋನ್ ಅಚ್ಚುಗಳನ್ನು ತಂದಿರುವೆಯಂತೆ. ರಬ್ಬರಿನಂಥ ಪಾತ್ರೆ ಬೆಂಕಿಯನ್ನು ತಾಳುತ್ತದೆ ಎಂದರೆ ನಿನ್ನ ತಾಯಿ ನಂಬುವುದಿಲ್ಲ. ಗುಣದೋಷಗಳನ್ನು ವಿವರವಾಗಿ ತಿಳಿಸು. ಇನ್ನೊಂದು ವಿಷಯ: ರಾಜ್ಯೋತ್ಸವದ ಸಮಾರಂಭದಲ್ಲಿ ನಿನ್ನ ಸೆರಗು ಸರಿದಾಗ ಭುಜದ ಹಿಂದೆ ಒಂದು ಕಲೆಯನ್ನು ಕಂಡೆನೆಂದು ಅವಳು ಹೇಳುತ್ತಾಳೆ. ಅದೇನು?

ನಿನ್ನ ಪತ್ರವನ್ನು ಎಂದಿನಂತೆ ಕೆಂಪು ಶಾಯಿಯಲ್ಲಿ ತಿದ್ದಿ ಇದರೊಡನೆ ಹಿಂದಿರುಗಿಸಿದ್ದೇನೆ.

ನಿನ್ನ ತಂದೆ,
ನಾರಾಯಣಸ್ವಾಮಿ

---

ವೈಶಾಲಿ, ಘಾಜಿಯಾಬಾದ್
17 ನವೆಂಬರ್ 2024

ತೀರ್ಥರೂಪು ಅಪ್ಪನವರಿಗೆ ಧಾರಿಣಿಯ ನಮಸ್ಕಾರಗಳು.

ನಿಮ್ಮ ಪತ್ರ ತಲುಪಿತು. ಸೊಸೈಟಿಯ ಅಂಚೆಪೆಟ್ಟಿಗೆಯ ಬೀಗದ ಕೈ ಪ್ರಜ್ವಲ್ ಅವರ ಬಳಿ ಇರುವುದರಿಂದ ನನಗೆ ಒಂದು ದಿನ ತಡವಾಗಿ ಸಿಕ್ಕಿತು.

ಸಿಲಿಕೋನ್ ಅಚ್ಚುಗಳ ಬಗ್ಗೆ ಕೇಳಿದ್ದೀರಿ. ಇವು ಅಡುಗೆಯನ್ನು ನಿಜಕ್ಕೂ ಹಗುರ ಮಾಡಿವೆ. ಹಿಟ್ಟು ಹೊಯ್ಯುವ ಮುನ್ನ ಎಣ್ಣೆ ಸವರಬೇಕಾಗಿಲ್ಲ, ತಳಕ್ಕೆ ಕಾಗದ ಹಾಸಬೇಕಾಗಿಲ್ಲ. ಬೆಂದ ಮೇಲೆ ಆರಲು ಬಿಟ್ಟು, ಅಡಿಯಿಂದ ಹೆಬ್ಬೆರಳಿನಲ್ಲಿ ಒತ್ತಿದರೆ ಇಡ್ಲಿಯಾಗಲಿ ಕೇಕಾಗಲಿ ಮುರಿಯದೆ ಈಚೆ ಬರುತ್ತದೆ. ಹಬೆಗೂ ಸೈ, ಓವನ್ನಿಗೂ ಸೈ. ಹಿಡಿದು ಎತ್ತುವಾಗ ಬಳುಕುತ್ತದೆ ಎಂಬುದೊಂದೇ ದೋಷ. ಕೆಳಗೆ ಒಂದು ತಟ್ಟೆ ಇಟ್ಟುಕೊಂಡರೆ ಆಯಿತು. ತೊಳೆದು ಸುರುಳಿ ಸುತ್ತಿ ಡ್ರಾಯರಿನಲ್ಲಿ ತುರುಕಬಹುದು. ಕೈಜಾರಿ ಬಿದ್ದರೆ ಒಡೆಯುವುದಿಲ್ಲ. ಬಿದ್ದರೂ ಸದ್ದಾಗುವುದಿಲ್ಲ, ಅಕ್ಕಪಕ್ಕದವರು ಬಂದು ಕೇಳುವ ಪ್ರಸಂಗವೇ ಇಲ್ಲ. ತಗುಲಿದರೆ ನೋವೂ ಆಗುವುದಿಲ್ಲ.

ಈಗ ಗಾಜಿನ ಬೋಗುಣಿ, ಅಮ್ಮ ಕೊಟ್ಟ ಪಡ್ಡಿನ ಹಂಚು, ಉಕ್ಕಿನ ಸೌಟುಗಳು ಯಾವುವೂ ಮನೆಯಲ್ಲಿಲ್ಲ. ಲಟ್ಟಣಿಗೆ ಕೂಡ ಸಿಲಿಕೋನ್ ಹೊದಿಸಿದ್ದು. ಅಡುಗೆಮನೆ ಈಗ ಮಕ್ಕಳ ಆಟದ ಕೋಣೆಯಂತೆ ಬಣ್ಣಬಣ್ಣವಾಗಿದೆ.

ಭುಜದ ಕಲೆ ಓವನ್ನಿನ ಬಾಗಿಲು ತಾಗಿ ಸುಟ್ಟದ್ದು. ವಾಸಿಯಾಗುತ್ತಿದೆ. ಇಡ್ಲಿ ಸ್ಟ್ಯಾಂಡಿನ ವಿಷಯ ಇನ್ನೊಮ್ಮೆ ಬರೆಯುತ್ತೇನೆ.

ಒಂದು ಬೇಡಿಕೆ. ಸದ್ಯ ನನ್ನ ಪತ್ರಗಳನ್ನು ತಿದ್ದಿ ಹಿಂದಿರುಗಿಸಬೇಡಿ. ಓದಿ ನಿಮ್ಮಲ್ಲೇ ಇಟ್ಟುಕೊಳ್ಳಿ. ದಯವಿಟ್ಟು.

ಅಮ್ಮನಿಗೆ ನಮಸ್ಕಾರಗಳು.

ಧಾರಿಣಿ

---

ಮಯೂರ್ ವಿಹಾರ್, ದೆಹಲಿ
23 ನವೆಂಬರ್ 2024, ಶನಿವಾರ

ಚಿ. ಸೌ. ಧಾರಿಣಿಗೆ ಆಶೀರ್ವಾದಗಳು.

ನಿನ್ನ ಬೇಡಿಕೆಯನ್ನು ಓದಿ ನನಗೆ ವಿಷಾದವಾಯಿತು. ಒಂಬತ್ತನೆಯ ವಯಸ್ಸಿಗೆ ನಿನ್ನನ್ನು ಧಾರವಾಡದಲ್ಲಿ ಓದಲು ಬಿಟ್ಟ ದಿನದಿಂದ ಈ ಪದ್ಧತಿ ನಡೆದುಬಂದಿದೆ. ದೆಹಲಿಯಲ್ಲಿ ಹುಟ್ಟಿದ ಮಕ್ಕಳಲ್ಲಿ ನಿನ್ನಂತೆ ಕನ್ನಡ ಬರೆಯುವವರು ವಿರಳ ಎಂದರೆ ಅದು ಕೆಂಪು ಶಾಯಿಯ ಫಲ. ಮದುವೆಯಾಯಿತೆಂದು ತಪ್ಪುಗಳಿಗೆ ವಿನಾಯಿತಿ ಇರುವುದಿಲ್ಲ. ಪತ್ರವನ್ನು ತಿದ್ದಿ ಹಿಂದಿರುಗಿಸುತ್ತಿದ್ದೇನೆ.

ಅಚ್ಚುಗಳ ವರ್ಣನೆ ಚೆನ್ನಾಗಿದೆ. ಓದಿದ ಮೇಲೆ ನಾನೇ ಮಾರುಕಟ್ಟೆಗೆ ಹೋಗಿ ಒಂದನ್ನು ತಂದೆ. "ಇದು ಓವನ್ನಿನಲ್ಲಿ ಕರಗುವುದಿಲ್ಲ ಎಂಬುದಕ್ಕೆ ಆಧಾರವೇನು ಭಯ್ಯಾ?" ಎಂದು ಕೇಳಿದರೆ ಅಂಗಡಿಯವನು, "ಅಂಕಲ್‌ಜೀ, ಆಪ್ ಪಿಘಲ್ ಜಾಯೇಂಗೇ, ಯೇ ನಹೀಂ ಪಿಘಲೇಗಾ" ಎಂದ. ನಾನು ಕರಗಿಹೋದರೂ ಅದು ಕರಗದಂತೆ! ನಿನ್ನ ತಾಯಿ ನಗಬೇಕಾದ ಮಾತು, ಅವಳು ನಗಲಿಲ್ಲ. ನಿನ್ನ ಪತ್ರವನ್ನು ಎರಡು ಸಲ ಓದಿಸಿ, "ಗಟ್ಟಿ ಪಾತ್ರೆ ಒಂದೂ ಬೇಡ ಅಂತ ಯಾಕಂತೆ?" ಎಂದು ಕೇಳುತ್ತಿದ್ದಾಳೆ. ಸುಲಭವಾಗುವುದರಿಂದ ಎಂದು ತಿಳಿಸಿದ್ದೇನೆ.

ಆದರೆ ಸುಟ್ಟ ಕಲೆಯ ವಿಷಯದಲ್ಲಿ ನಿನ್ನ ವಿವರಣೆ ನಿಲ್ಲುವುದಿಲ್ಲ. ಓವನ್ ಮುಂದೆ ನಿಂತವರು ಅದಕ್ಕೆ ಮುಖ ಮಾಡಿ ನಿಂತಿರುತ್ತಾರೆ. ಅಂಗೈ ಸುಡಬಹುದು, ಮುಂಗೈ ಸುಡಬಹುದು. ಭುಜದ ಹಿಂಬದಿ ಸುಡುವುದು ಹೇಗೆ? ನಿನ್ನ ಪತ್ರದ ಅಂಚಿನಲ್ಲಿ ಈ ಪ್ರಶ್ನೆಯನ್ನು ಕೆಂಪು ಶಾಯಿಯಲ್ಲಿ ಬರೆದು ಎರಡು ಗೆರೆ ಎಳೆದಿದ್ದೇನೆ. ಬಾಗಿದ ಸ್ಟ್ಯಾಂಡಿನ ಪ್ರಶ್ನೆಯೂ ಬಾಕಿ ಇದೆ. ಎರಡಕ್ಕೂ ಮುಂದಿನ ಟಪಾಲಿನಲ್ಲಿ ನೇರವಾದ ಉತ್ತರ ಬರಬೇಕು.

ನಾರಾಯಣಸ್ವಾಮಿ

---

ವೈಶಾಲಿ, ಘಾಜಿಯಾಬಾದ್
29 ನವೆಂಬರ್ 2024

ಪೂಜ್ಯ ಮಾವನವರಿಗೆ,

ನಿಮ್ಮ ಅಳಿಯ ಪ್ರಜ್ವಲ್ ಮಾಡುವ ನಮಸ್ಕಾರಗಳು. ನಾನು ಪತ್ರ ಬರೆಯುವ ಅಭ್ಯಾಸ ಉಳ್ಳವನಲ್ಲ. ಓಖ್ಲಾದ ನಮ್ಮ ಎಕ್ಸ್‌ಪೋರ್ಟ್ ಕಚೇರಿಯಲ್ಲಿ ಇಮೇಲಿಗೇ ಪುರುಸೊತ್ತಿಲ್ಲ. ತಪ್ಪುಗಳಿದ್ದರೆ ಮನ್ನಿಸಿ.

ನಿಮ್ಮ ಕೆಂಪು ಶಾಯಿಯ ಪ್ರಶ್ನೆಗಳನ್ನು ನಾನೇ ಧಾರಿಣಿಗೆ ಗಟ್ಟಿಯಾಗಿ ಓದಿ ಹೇಳಿದೆ. ಪ್ರಶ್ನೆಗಳು ಬಹಳ ಚೆನ್ನಾಗಿದ್ದವು. ಅವಳು ಮನೆಯ ಸಂಗತಿಗಳನ್ನು ಹೀಗೆ ನಿಮಗೆ ಬರೆಯುತ್ತಿದ್ದಾಳೆ ಎಂಬುದು ನನಗೆ ಪೂರ್ತಿ ಗೊತ್ತಿರಲಿಲ್ಲ. ತಿಳಿಸಿಕೊಟ್ಟಿದ್ದಕ್ಕೆ ಕೃತಜ್ಞ.

ಅದೇ ಸಂಜೆ ಅವಳು ಸ್ನಾನದ ಮನೆಯಲ್ಲಿ ಕಾಲು ಜಾರಿ ಬಿದ್ದಳು. ಬಲಗೈಯ ಮೂರು ಬೆರಳು ಮತ್ತು ಮಣಿಕಟ್ಟಿನ ಮೂಳೆ ಮುರಿದಿವೆ. ಆರು ವಾರ ಪ್ಲಾಸ್ಟರು. ಆದ್ದರಿಂದ ಉತ್ತರ ತಡವಾಗುತ್ತದೆ, ದಯವಿಟ್ಟು ನಿರೀಕ್ಷಿಸಬೇಡಿ. ನೀವು ಮಂಡಿನೋವು ಇಟ್ಟುಕೊಂಡು ಬರುವ ಶ್ರಮ ತೆಗೆದುಕೊಳ್ಳಬಾರದೆಂದು ಧಾರಿಣಿಯೇ ಹೇಳಿದ್ದಾಳೆ. ವಿಶ್ರಾಂತಿಗಾಗಿ ಅವಳ ಫೋನನ್ನು ನಾನು ಇಟ್ಟುಕೊಂಡಿದ್ದೇನೆ.

ಅವಳಲ್ಲಿರುವ ಶಿಸ್ತು ನಿಮ್ಮದೇ ಎಂದು ನಾನು ಯಾವಾಗಲೂ ಹೇಳುತ್ತಿರುತ್ತೇನೆ.

ಪ್ರಜ್ವಲ್

---

ಮಯೂರ್ ವಿಹಾರ್, ದೆಹಲಿ
4 ಡಿಸೆಂಬರ್ 2024, ಬುಧವಾರ

ಚಿ. ಪ್ರಜ್ವಲನಿಗೆ,

ವಿಷಯ ತಿಳಿಸಿದ್ದಕ್ಕೆ ಸಂತೋಷ. ನಿನ್ನ ಅತ್ತೆ ರತ್ನಪ್ರಭಾ ನಿನ್ನ ಪತ್ರ ಬಂದಾಗಿನಿಂದ ಸರಿಯಾಗಿ ಊಟ ಮಾಡಿಲ್ಲ. "ಯಮುನಾ ಬ್ಯಾಂಕ್ ನಿಲ್ದಾಣದಲ್ಲಿ ಮೆಟ್ರೋ ಬದಲಾಯಿಸಿದ್ರೆ ವೈಶಾಲಿ. ಮುಕ್ಕಾಲು ಗಂಟೆ ದಾರಿ. ಅಷ್ಟಕ್ಕೆ ಅಂಚೆಯವನ ದಾರಿ ಕಾಯ್ತಾ ಕೂತಿದ್ದೀರಲ್ಲ" ಎಂದು ನನ್ನನ್ನು ಜರೆಯುತ್ತಾಳೆ. ಕೊಟ್ಟ ಮಗಳ ಮನೆಗೆ ಕರೆಯದೆ ಹೋಗುವುದು ನಮ್ಮಲ್ಲಿಲ್ಲ. ಬರಬೇಡಿ ಎಂದು ಅವಳೇ ಹೇಳಿದ ಮೇಲೆ ಆ ಮಾತು ಮುಗಿಯಿತು.

ಆರು ವಾರ ಪತ್ರವಿಲ್ಲದೆ ಇರಬೇಕಾದದ್ದು ಅನಿವಾರ್ಯ. ಧಾರಿಣಿ ಹುಟ್ಟಾ ಎಡಚಿ. ಆ ಚಾಳಿಯನ್ನು ಆರನೆಯ ವಯಸ್ಸಿನಲ್ಲಿ ರೂಲುಕಟ್ಟಿಗೆ ಹಿಡಿದು ಬಿಡಿಸಿದ್ದೇನೆ. ಈಗ ಅವಳು ಎಡಗೈಯಲ್ಲಿ ಒಂದು ಗೆರೆಯನ್ನೂ ನೆಟ್ಟಗೆ ಎಳೆಯಲಾರಳು.

ಒಂದು ಮಾತು. ನಿಮ್ಮ ಮನೆಯಲ್ಲಿ ಬೀಳುವ ಸಂಗತಿಗಳು ಈಚೆಗೆ ಹೆಚ್ಚಾಗಿವೆ. ಸ್ನಾನದ ಮನೆಯ ನೆಲಕ್ಕೆ ಜಾರದಂಥ ಚಾಪೆ ಹಾಕಿಸು.

ನಾರಾಯಣಸ್ವಾಮಿ

---

24 ಡಿಸೆಂಬರ್

ಅಪ್ಪ,

ಕಾಗದ ಸಿಗಲಿಲ್ಲ. ಕೇಕಿನ ಅಚ್ಚಿನ ಜೊತೆ ಬಂದ ಸೂಚನಾಪತ್ರದ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಇದು ಎಡಗೈ. ನೀವು ಬಿಡಿಸಿದ ಕೈ. ನಿಮಗೆ ಕಾಣದ ಹಾಗೆ ಮೂವತ್ತು ವರ್ಷ ಇದರಲ್ಲಿ ಬರೆದಿದ್ದೇನೆ. ನಾನು ಎಡಗೈಯಲ್ಲಿ ಗೆರೆಯನ್ನೂ ಎಳೆಯಲಾರೆ ಎಂಬ ನಿಮ್ಮ ಪತ್ರ ಓದಿದ ಮೇಲೆ ಪ್ರಜ್ವಲ್ ಪೆನ್ಸಿಲನ್ನು ಎಲ್ಲೆಂದರಲ್ಲಿ ಬಿಟ್ಟು ಹೋಗುತ್ತಾನೆ.

ನಿಮ್ಮ ಪ್ರಶ್ನೆಗಳಿಗೆ ಉತ್ತರ.

ಸ್ಟ್ಯಾಂಡು ಬೀಳಲಿಲ್ಲ. ಅದರಿಂದ ಹೊಡೆದ. ಮೊದಲ ಏಟಿಗೆ ನಾನು ತಲೆ ತಗ್ಗಿಸಿದೆ, ಅದು ಬಾಗಿಲ ಚೌಕಟ್ಟಿಗೆ ಬಿದ್ದು ಕಂಬಿ ಬಾಗಿತು. ಎರಡನೆಯದು ಭುಜದ ಹಿಂದೆ. ಸುಟ್ಟ ಕಲೆಯಲ್ಲ ಅದು. ತಟ್ಟೆಯ ಅಂಚು ಇಳಿದ ಗಾಯ.

ಅದಕ್ಕೂ ಮೊದಲು ಗಾಜಿನ ಬೋಗುಣಿ, ನನ್ನ ತಲೆಯ ಮೇಲೆ. ಕೂದಲೊಳಗೆ ನಾಲ್ಕು ಹೊಲಿಗೆ ಇವೆ. ಪಡ್ಡಿನ ಹಂಚನ್ನು ಪಾದದ ಮೇಲೆ ಎತ್ತಿಹಾಕಿದ. ಹೆಬ್ಬೆರಳ ಉಗುರು ಹೋಯಿತು. ಸಾರಿಗೆ ಉಪ್ಪು ಹೆಚ್ಚಾಗಿತ್ತು, ಅಥವಾ ಫೋನ್ ಎತ್ತಲು ತಡವಾಗಿತ್ತು. ಕಾರಣ ಪರಿಣಾಮಕ್ಕೆ ಸಾಲದು ಅಪ್ಪ, ನಿಜ.

ಅಂಗಡಿಯಲ್ಲಿ ಮೊದಲ ಸಲ ಸಿಲಿಕೋನ್ ಅಚ್ಚನ್ನು ಕೈಗೆತ್ತಿಕೊಂಡಾಗ ನಾನು ಅದರ ಆಕಾರ ನೋಡಲಿಲ್ಲ. ನನ್ನ ಮೊಣಕೈಗೆ ಜೋರಾಗಿ ಹೊಡೆದು ನೋಡಿಕೊಂಡೆ. ಅಂಗಡಿಯ ಹುಡುಗಿ, "ದೀದೀ, ಕ್ಯಾ ಕರ್ ರಹೀ ಹೋ?" ಎಂದು, ನಾನೇನು ಮಾಡುತ್ತಿದ್ದೇನೆಂದು ಕೇಳಿದಳು. ನೋವಾಗಲಿಲ್ಲ. ಮೂರು ಕೊಂಡೆ. ಆಮೇಲೆ ಮನೆಯ ಗಟ್ಟಿ ವಸ್ತುಗಳನ್ನು ಒಂದೊಂದಾಗಿ ಹೊರಗೆ ಹಾಕಿದೆ. ನಿಮಗೆ ಬರೆದದ್ದೆಲ್ಲ ನಿಜ. ಅಡುಗೆ ಹಗುರವಾಯಿತು.

ಅವನಿಗೆ ಕೊನೆಗೆ ಉಳಿದದ್ದು ಬಾಗಿಲು. ನಿಮ್ಮ ಪ್ರಶ್ನೆಯನ್ನು ಗಟ್ಟಿಯಾಗಿ ಓದಿದ. "ನಿಮ್ಮಪ್ಪ ಕೇಳ್ತಿದ್ದಾರೆ. ಬರಿ, ಉತ್ತರ ಬರಿ" ಎಂದ. ನನ್ನ ಬಲಗೈಯನ್ನು ಬಾಗಿಲ ಸಂದಿಗೆ ಇಟ್ಟ. ಹಿಡಿದುಕೊಂಡಿರಲಿಲ್ಲ. ಬರೀ ಇಟ್ಟ. ಆಮೇಲೆ ಹಿಂದೆ ಹೋಗಿ ಬಾಗಿಲನ್ನು ಒದ್ದ. ನಾನು ಕೈ ಎಳೆದುಕೊಳ್ಳಬಹುದಿತ್ತು. ಎಳೆದುಕೊಂಡರೆ ಇನ್ನೊಂದು ಏಟು ಎಂದು ಕಲಿತದ್ದು ಅವನಿಂದಲ್ಲ.

ನಾಳೆ ಅವನು ಕೇಕು ತರುತ್ತಾನೆ. ಎಲ್ಲ ಚೆನ್ನಾಗಿದೆ ಎಂದು ನಿಮಗೆ ತೋರಿಸಬೇಕಂತೆ. ಕೇಕು ಆರಿದ ಮೇಲೆ ಇದನ್ನು ಬೆಣ್ಣೆ ಕಾಗದದಲ್ಲಿ ಸುತ್ತಿ ತಳದಲ್ಲಿ ಇಡುತ್ತೇನೆ. ಈ ಅಚ್ಚಿಗೆ ಕಾಗದ ಬೇಡವೆಂದು ನಾನು ಬರೆದದ್ದು ನಿಮಗೆ ನೆನಪಿರುತ್ತದೆ. ನಿಮಗೆ ಎಲ್ಲವೂ ನೆನಪಿರುತ್ತದೆ.

ಗುರುವಾರ ಅವನು ಒಂಬತ್ತೂವರೆಗೆ ಓಖ್ಲಾಕ್ಕೆ ಹೊರಡುತ್ತಾನೆ. ಹತ್ತಕ್ಕೆ ಬನ್ನಿ. ಫೋನ್ ಮಾಡಬೇಡಿ. ಇದನ್ನು ಹಿಂದಿರುಗಿಸಬೇಡಿ. ನೀವೇ ಬನ್ನಿ.

---

ಧಾರಿಣಿ,

ನಿನ್ನೆ ಸಂಜೆ ಆಸ್ಪತ್ರೆಯಲ್ಲಿ ನೀನು ಪೊಲೀಸರಿಗೆ ಕೊಟ್ಟ ಹೇಳಿಕೆಯಲ್ಲಿ ಒಂದು ತಪ್ಪಿದೆ. "ನನ್ನ ಗಂಡ ಕಾಲು ಜಾರಿ ಬಿದ್ದರು, ನಾನೂ ಕಳೆದ ತಿಂಗಳು ಹಾಗೆಯೇ ಬಿದ್ದಿದ್ದೆ" ಎಂದಿದ್ದೀಯೆ. ಹಾಸಿಗೆಯ ಮೇಲಿಂದ ಪ್ರಜ್ವಲನೂ ಅದನ್ನೇ ಹೇಳಿದ್ದಾನೆ. ಹಾಗೆ ಹೇಳಲು ಅವನು ನಿನ್ನೊಡನೆ ಕುದುರಿಸಿದ ಒಪ್ಪಂದವನ್ನು ನಾನು ಪರದೆಯ ಈಚೆ ನಿಂತು ಕೇಳಿಸಿಕೊಂಡೆ: "ನಾನು ಬಿದ್ದೆ ಅಂತೀನಿ, ನೀನೂ ಬಿದ್ದೆ ಅನ್ನು. ಇಲ್ದಿದ್ರೆ ನಿಮ್ಮಪ್ಪ ಒಳಗೆ. ಆಮೇಲೆ ಸುಮ್ನೆ ಮನೆಗೆ ಬಾ." ನನ್ನನ್ನು ಉಳಿಸಲು ನೀನು ಒಪ್ಪಿದೆ. ನಾನು ಒಪ್ಪುವುದಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತೇನೆ.

ಬುಧವಾರ ಅವನು ಕೇಕನ್ನು ಅಚ್ಚಿನ ಸಮೇತ ತಂದ. ಸೋಫಾದ ಮೇಲೆ ಕಾಲು ಚಾಚಿ ಕುಳಿತು, "ಒಂದೇ ಕೈಯಲ್ಲಿ ಮಾಡಿದ್ದಾಳೆ ಮಾವ! ಈ ಸಿಲಿಕೋನ್ ಬಂದ ಮೇಲೆ ಹೆಂಗಸ್ರಿಗೆ ಕೆಲಸವೇ ಇಲ್ಲ ಬಿಡಿ" ಎಂದು ನಕ್ಕ. ನಾನೂ ನಕ್ಕೆ. ಅದನ್ನೂ ಬರೆದಿಡಬೇಕು. ಅವನು ಹೋದ ಮೇಲೆ ನಿನ್ನ ತಾಯಿ ಅಡಿಯಿಂದ ಒತ್ತಿದಳು; ಕೇಕು ಈಚೆ ಬಂತು. "ಕಾಗದ ಅಂಟಿಕೊಂಡಿದೆ" ಎಂದು ಕಿತ್ತು ಎಸೆಯಲಿದ್ದಳು. ಈ ಅಚ್ಚಿಗೆ ಕಾಗದ ಬೇಕಾಗಿಲ್ಲ ಎಂದು ನಾನು ಅವಳ ಕೈ ಹಿಡಿದೆ. ಬಿಡಿಸಿ ನಿನ್ನ ಪತ್ರವನ್ನು ಇಬ್ಬರೂ ಓದಿ ಮುಗಿಸಿದೆವು. ಅವಳು, "ಕೆಂಪು ಶಾಯಿ ಇದೆಯಾ? ಇದನ್ನೂ ತಿದ್ದಿ" ಎಂದಳು. ಮದುವೆಯಾದ ನಲವತ್ತೆರಡು ವರ್ಷಗಳಲ್ಲಿ ಅವಳು ಆಡಿದ ಅತ್ಯಂತ ಕ್ರೂರವಾದ ಮಾತು ಅದು. ನನಗೆ ಸಲ್ಲಬೇಕಾದದ್ದು.

ತಿಂಡಿ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಯಾರಾದರೂ ಕೇಳಿದರೆ ಹೇಳಲು ಅದೇ ನೆಪವಾಯಿತು. ನಿನ್ನ ತಾಯಿ ಅಚ್ಚಿನ ತುಂಬ ಇಡ್ಲಿಯಿಟ್ಟಳು. ನಿನ್ನ ಮನೆಯಲ್ಲಿ ಬಾಗಿದ್ದರ ಬದಲಿಗೆ ಎಂದು ನಮ್ಮ ಸ್ಟ್ಯಾಂಡನ್ನೂ ಚೀಲಕ್ಕೆ ಹಾಕಿದಳು.

ಗುರುವಾರ ಹತ್ತು ಗಂಟೆಗೆ ನಿನ್ನ ಬಾಗಿಲಲ್ಲಿದ್ದೆ. ದಟ್ಟ ಮಂಜಿನಿಂದ ಅವನ ಕಾರು ಹೊರಟಿರಲಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ; ತಿಳಿಸಲು ನಿನ್ನ ಬಳಿ ಫೋನೂ ಇರಲಿಲ್ಲ. "ಅರೆ ಮಾವ! ಹೇಳ್ದೆ ಕೇಳ್ದೆ?" ಎಂದು ಅವನೇ ಬಾಗಿಲು ತೆರೆದ. ನೀನು ಅಡುಗೆಮನೆಯಲ್ಲಿ ನಿಂತಿದ್ದೆ. ನೆಪವನ್ನು ನಾನು ಮರೆತೆ. "ಧಾರಿಣಿ, ಚಪ್ಪಲಿ ಹಾಕಿಕೋ" ಎಂದೆ. ಅಷ್ಟಕ್ಕೆ ಅವನಿಗೆ ಎಲ್ಲವೂ ತಿಳಿಯಿತು.

ನಿನ್ನ ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು ನಿನ್ನ ಹಣೆಯನ್ನು ಫ್ರಿಜ್ಜಿನ ಬಾಗಿಲಿಗೆ ಬಡಿದ. ನೀನು ಕೂಗಲಿಲ್ಲ. ಎರಡನೆಯ ಸಲ ಬಡಿದಾಗಲೂ ಕೂಗಲಿಲ್ಲ. ಅವನು ನನ್ನ ಕಡೆ ತಿರುಗಿ, "ನೋಡಿದ್ರಾ, ಎಷ್ಟು ಶಿಸ್ತು? ಕಲ್ಸಿದ್ದು ನೀವೇ ಅಲ್ವಾ?" ಎಂದ. ಕಟ್ಟೆಯ ಮೇಲೆ ಕೈಗೆ ಸಿಕ್ಕಿದ ಸೌಟನ್ನು ತೆಗೆದು ಅವನ ಮುಖಕ್ಕೆ ಬೀಸಿದೆ. ಸಿಲಿಕೋನಿನದು, ಅವನ ಕೆನ್ನೆಯ ಮೇಲೆ ಮಡಚಿಕೊಂಡಿತು. ಅವನು ಗಟ್ಟಿಯಾಗಿ ನಕ್ಕ. ನಿನ್ನ ಅಡುಗೆಮನೆಯಲ್ಲಿ ಗಟ್ಟಿಯಾದದ್ದು ಒಂದೂ ಇರಲಿಲ್ಲ, ನಾನು ತಂದದ್ದನ್ನು ಬಿಟ್ಟು.

ಸ್ಟ್ಯಾಂಡಿನ ಮೊದಲ ಏಟು ಅವನ ಮೊಣಕೈಗೆ. ಜಡೆ ಬಿಡಲಿಲ್ಲ. ಎರಡನೆಯದು ಕತ್ತಿನ ಬುಡದ ಮೂಳೆಗೆ. ಮುರಿದ ಸದ್ದು ಕೇಳಿಸಿತು. ಜಡೆ ಬಿಟ್ಟ, ಕುಸಿದು ಕುಳಿತ, "ಮಾವ, ಬೇಡ" ಎಂದು ಎರಡೂ ಅಂಗೈಗಳನ್ನು ಮುಂದೆ ಚಾಚಿದ. ನೀನು ಆಗಲೇ ಬಾಗಿಲಲ್ಲಿದ್ದೆ. ನಾವು ಹೊರಟುಬಿಡಬಹುದಿತ್ತು.

ಮೂರನೆಯದನ್ನು ಅವನ ತಲೆಗೆ ಹೊಡೆದೆ.

ಚಾಚಿದ ಅಂಗೈಗಳಿಗೆ ಹೊಡೆಯುವುದು ನನಗೆ ಹೊಸದಲ್ಲ. ಮೂವತ್ತನಾಲ್ಕು ವರ್ಷ ತರಗತಿಯಲ್ಲಿ ಹೊಡೆದಿದ್ದೇನೆ. ಆರು ವರ್ಷದ ಒಂದು ಎಡ ಅಂಗೈಗೆ ಊಟದ ಮೇಜಿನಲ್ಲೂ ಹೊಡೆದಿದ್ದೇನೆ. ಮೊದಲ ಎರಡು ಏಟುಗಳು ನಿನಗಾಗಿ. ಮೂರನೆಯದು ನನ್ನದು. ಆ ಕ್ಷಣದಲ್ಲಿ ನನಗೆ ಸುಖವಾಯಿತು. ಅದನ್ನು ಮರೆಮಾಚಿದರೆ ಈ ಬರಹಕ್ಕೆ ಬೆಲೆಯಿಲ್ಲ. ರಕ್ತ ಅವನ ಕಿವಿಯಿಂದಿಳಿದು ಚೆಲ್ಲಿದ ಇಡ್ಲಿಗಳನ್ನು ಮುಟ್ಟಿದಾಗ ಸ್ಟ್ಯಾಂಡನ್ನು ನೋಡಿದೆ. ಅಟ್ಟದಿಂದ ಮೂರು ಬಾರಿ ಕೆಡವಿದರೂ ನೆಟ್ಟಗೇ ಇದ್ದ ಕಂಬಿ ಬಾಗಿತ್ತು. ನನ್ನ ಮೊದಲ ಪ್ರಶ್ನೆಗೆ ಉತ್ತರ ನನ್ನ ಕೈಯಲ್ಲೇ ಇತ್ತು.

ಅವನು ಬದುಕುತ್ತಾನೆ ಎಂದು ವೈದ್ಯರು ಹೇಳಿದ್ದಾರೆ. ಆ ಮನೆಗೆ ನೀನು ಮತ್ತೆ ಹೋಗಕೂಡದು. ಅವನ ಒಪ್ಪಂದ ನಿಂತಿರುವುದು ನನ್ನ ಭಯದ ಮೇಲೆ. ನಾನೇ ಒಳಗೆ ಹೋಗಿ ಮೂರು ಏಟುಗಳನ್ನೂ ಬರೆಸಿಬಿಟ್ಟರೆ ನಿನ್ನನ್ನು ಹೆದರಿಸಲು ಅವನ ಬಳಿ ಏನೂ ಉಳಿಯುವುದಿಲ್ಲ. ಬಾಗಿದ ಸ್ಟ್ಯಾಂಡು, ನಿನ್ನ ಎಡಗೈಯ ಪತ್ರ, ಅವನು ನನಗೆ ಬರೆದ ಪತ್ರ ನನ್ನ ಚೀಲದಲ್ಲಿವೆ. ಹಿಂದಿಯಲ್ಲಿ ಹೇಳಿಕೆ ಸಿದ್ಧಪಡಿಸಿಕೊಂಡಿದ್ದೇನೆ. ನಿನ್ನ ತಾಯಿ ನನ್ನ ಪಕ್ಕದಲ್ಲೇ ಕುಳಿತಿದ್ದಾಳೆ. ಇದನ್ನು ನಿನಗೆ ತಲುಪಿಸಿ, ಅವಳೇ ನಿನ್ನನ್ನು ಇಲ್ಲಿಗೆ ಕರೆತರುತ್ತಾಳೆ. ನೀನು ಬಂದು ಬೋಗುಣಿ, ಹಂಚು, ಸ್ಟ್ಯಾಂಡು, ಬಾಗಿಲು ಎಲ್ಲವನ್ನೂ ಹೇಳು. ನಮ್ಮ ಮನೆಯಲ್ಲಿ ಇನ್ನು ಯಾರೂ ಬಿದ್ದೆವೆಂದು ಹೇಳಬಾರದು.

ನನ್ನನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೋ ತಿಳಿಯದು. ಪತ್ರ ಬರೆ. ಎಡಗೈಯಲ್ಲಿ ಬರೆ. ಒಂದಕ್ಷರವನ್ನೂ ಮುಟ್ಟದೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಒಳಗಿನಿಂದ ನನ್ನ ಹೆಸರು ಕರೆಯುತ್ತಿದ್ದಾರೆ.

ನಾರಾಯಣಸ್ವಾಮಿ
ಪೊಲೀಸ್ ಠಾಣೆಯ ಹೊರಗಿನ ಬೆಂಚು, ಘಾಜಿಯಾಬಾದ್
27 ಡಿಸೆಂಬರ್ 2024, ಶುಕ್ರವಾರ, ಬೆಳಿಗ್ಗೆ 11 ಗಂಟೆ 40 ನಿಮಿಷ